2.20 ಅಂದರೆ ಎರಡೂವರೆ: ಒಂದು ಫಾರಂ ನನಗೆ ಕಲಿಸಿದ ಲೆಕ್ಕ

ನಮ್ಮ ಸೋದರಮಾವನದು ಡ್ರಿಪ್ ಪೈಪಿನ ಅಂಗಡಿ. ರೈತರು ಬಂದು ಜಮೀನು ಎಷ್ಟು, ಬೆಳೆ ಯಾವುದು ಅಂತ ಹೇಳುತ್ತಾರೆ. ಎಷ್ಟು ಮೀಟರ್ ಪೈಪು ಬೇಕು, ಎಷ್ಟು ಖರ್ಚಾಗುತ್ತದೆ ಅಂತ ಮಾವ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. "ನೀನು ಅದೇನೋ ವೆಬ್‌ಸೈಟ್ ಮಾಡ್ತೀಯಂತಲ್ಲ, ನನಗೂ ಒಂದು ಮಾಡಿಕೊಡೋ" ಅಂದರು. ಎರಡು ಭಾನುವಾರದ ಕೆಲಸ ಅಂದುಕೊಂಡೆ. ಪೈಥಾನ್ ಭಾಷೆ, ಅದರಲ್ಲಿ ವೆಬ್‌ಸೈಟ್ ಕಟ್ಟುವ ಫ್ಲಾಸ್ಕ್, ಒಂದು ಫಾರಂ. ಹೆಸರು, ಮೊಬೈಲ್, ಸರ್ವೆ ನಂಬರ್, ವಿಸ್ತೀರ್ಣ. ಅಷ್ಟೇ.

ಮೂರನೇ ವಾರ ಮಾವನ ಫೋನು. "ಏನೋ ಇದು, ಟೊಮೆಟೊ ಹಾಕೋರ ಹೊಲಕ್ಕೆ ಪೈಪು ಸಾಲದೇ ಬಂದಿದೆ. ನಿನ್ನ ಕಂಪ್ಯೂಟರ್‌ಗೆ ಗುಂಟೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಆ ರೈತರು ವಿಸ್ತೀರ್ಣದ ಜಾಗದಲ್ಲಿ 2.20 ಅಂತ ಹಾಕಿದ್ದರು. ಪಹಣಿ ನೋಡಿ ಅಭ್ಯಾಸ ಇರುವವರಿಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಸರಿಯಾಗಿ ಎರಡೂವರೆ ಎಕರೆ. ನನ್ನ ಕೋಡು ಅದನ್ನು ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಮಾಡಿ 2.2 ಎಕರೆ ಅಂತ ಓದಿತ್ತು. ವ್ಯತ್ಯಾಸ 12 ಗುಂಟೆ. ಒಂದು ಗುಂಟೆ 1,089 ಚದರ ಅಡಿ. 4 ಅಡಿಗೊಂದು ಸಾಲು ಅಂತ ಹಿಡಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಪೈಪು ಖೋತಾ!

ಚುಕ್ಕೆಯ ಹತ್ತಿರ ಒಡೆದು ಎಡಗಡೆ ಎಕರೆ, ಬಲಗಡೆ ಗುಂಟೆ ಅಂತ ಓದಿದರಾಯಿತು ಅಂದುಕೊಂಡೆ. ಹೊಸ ಎಂಟ್ರಿಗಳಿಗೆ ಸರಿ. ಹಳೆಯವು? ನಾನು ಡೇಟಾಬೇಸ್‌ನಲ್ಲಿ ಇಟ್ಟಿದ್ದೇ ಫ್ಲೋಟ್. ಫ್ಲೋಟ್‌ಗೆ 2.2 ಬೇರೆ, 2.20 ಬೇರೆ ಅಲ್ಲ. ರೈತನಿಗೆ ಮೊದಲನೆಯದು ಎರಡು ಎಕರೆ ಎರಡು ಗುಂಟೆ, ಎರಡನೆಯದು ಎರಡೂವರೆ ಎಕರೆ. ಕೊನೆಯ ಆ ಸೊನ್ನೆ ಒಂದು ಸಲ ಹೋದರೆ ಹೋಯಿತು, ಯಾವ ಕೋಡಿನಿಂದಲೂ ಅದನ್ನು ವಾಪಸ್ ತರಲಾಗುವುದಿಲ್ಲ. ಮಾವನ ಮೇಜಿನ ಡ್ರಾಯರಿನಲ್ಲಿದ್ದ ಹಳೆ ಚೀಟಿಗಳನ್ನು ಹುಡುಕಿ ಒಂದೊಂದಾಗಿ ತಾಳೆ ನೋಡಿದೆ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಬಳಕೆದಾರರು ಟೈಪ್ ಮಾಡಿದ್ದನ್ನು ಮೊದಲು ಹಾಗೇ ಸ್ಟ್ರಿಂಗ್ ಆಗಿ, ಅಂದರೆ ಬರೀ ಪಠ್ಯವಾಗಿ, ಒಂದು ಕಾಲಮ್‌ನಲ್ಲಿ ಇಡುತ್ತೇನೆ. ಬದಲಾಯಿಸಿದ್ದು ಪಕ್ಕದ ಕಾಲಮ್‌ಗೆ.

ಚೀಟಿ ನೋಡುತ್ತಾ ಇನ್ನೊಂದು ಎಡವಟ್ಟು ಸಿಕ್ಕಿತು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ನಾಲ್ಕೈದು ಜನರಿಗೆ ಒಂದೇ ಒಂದು ಎಕರೆ ಅಂತ ಲೆಕ್ಕ ಹೋಗಿತ್ತು. ಚೀಟಿಯಲ್ಲಿ ನೋಡಿದರೆ ಎಲ್ಲರಿಗೂ ಅದಕ್ಕಿಂತ ಜಾಸ್ತಿ ಜಮೀನು. ತಪ್ಪು ಒಂದೇ ಸಾಲಿನಲ್ಲಿತ್ತು. ಫ್ಲಾಸ್ಕ್‌ನಲ್ಲಿ ಫಾರಂನಲ್ಲಿ ತುಂಬಿದ್ದನ್ನು ತೆಗೆಯುವಾಗ ಟೈಪು ಫ್ಲೋಟ್, ಡೀಫಾಲ್ಟ್ (ಏನೂ ಸಿಗದಿದ್ದರೆ ಹಿಡಿಯಬೇಕಾದ ಸಂಖ್ಯೆ) 1 ಅಂತ ಕೊಟ್ಟಿದ್ದೆ. ಫೀಲ್ಡ್ ಖಾಲಿ ಬಂದರೆ ಮಾತ್ರ ಡೀಫಾಲ್ಟ್ ಬರುತ್ತದೆ ಅಂತ ನನ್ನ ನಂಬಿಕೆ. ಹಾಗಲ್ಲ. ಬರೆದದ್ದನ್ನು ಸಂಖ್ಯೆ ಮಾಡಲು ಆಗದಿದ್ದರೂ ಅದು ಸುಮ್ನೆ ಡೀಫಾಲ್ಟನ್ನೇ ಕೊಡುತ್ತದೆ. ಎರರ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ. ಆ ರೈತರು ಹಾಕಿದ್ದು 3-15 ಅಂತ, ನಡುವೆ ಅಡ್ಡಗೆರೆ. ಒಬ್ಬರಂತೂ "ಎರಡೂವರೆ" ಅಂತ ಅಕ್ಷರದಲ್ಲೇ ಬರೆದಿದ್ದರು. ಎಲ್ಲವೂ 1 ಆಗಿ ಕೂತಿದ್ದವು. ಪೇಜ್ ನಂಬರಿಗೆ ಡೀಫಾಲ್ಟ್ 1 ಅಂದರೆ ಯಾರಿಗೂ ನಷ್ಟವಿಲ್ಲ. ಎಕರೆಗೆ ಹಾಗೆ ಮಾಡಬಾರದು, ಅಲ್ವಾ?

ಹೆದರಿಕೆ ಹುಟ್ಟಿ, ಒಂದು ರಾತ್ರಿ ಕೂತು ಬೇಕಂತಲೇ ತರಲೆ ಇನ್‌ಪುಟ್ ಕೊಟ್ಟು ನೋಡಿದೆ. ಪೈಥಾನ್ ಧಾರಾಳಿ. 1e3 ಅಂತ ಕೊಟ್ಟರೆ 1ರ ಮುಂದೆ ಮೂರು ಸೊನ್ನೆ ಅಂತ ಓದಿ ಸಾವಿರ ಎಕರೆ ಅನ್ನುತ್ತದೆ. 'ನ್ಯಾನ್' (nan, ಅಂದರೆ 'ಸಂಖ್ಯೆಯಲ್ಲ') ಅಂತ ಕೊಟ್ಟರೆ ಅದೂ ಫ್ಲೋಟೇ. ಸೊನ್ನೆಗಿಂತ ಕಡಿಮೆಯೋ, ನೂರಕ್ಕಿಂತ ಜಾಸ್ತಿಯೋ ಅಂತ ನನ್ನ ಚೆಕ್ ಕೇಳಿತು. ನ್ಯಾನ್ ಎರಡಕ್ಕೂ ಅಲ್ಲ ಅಂದು ಒಳಗೆ ಹೋಯಿತು! ಬೇಡದ್ದನ್ನು ಹಿಡಿಯುವ ಚೆಕ್ ಬಿಟ್ಟು, 'ಸೊನ್ನೆಗಿಂತ ಜಾಸ್ತಿ ಮತ್ತು ನೂರರ ಒಳಗೆ ಇದ್ದರೆ ಮಾತ್ರ ಬಾ' ಅಂತ ತಿರುಗಿಸಿ ಬರೆದೆ.

ಕನ್ನಡ ಅಂಕಿಗಳದ್ದು ಬೇರೆ ತಮಾಷೆ. ಸರ್ವರ್‌ನಲ್ಲಿ ಪೈಥಾನ್‌ಗೆ ೨೦ ಕೊಟ್ಟರೆ ಇಪ್ಪತ್ತು ಅಂತ ಸರಿಯಾಗಿ ಓದುತ್ತದೆ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್‌ಗೆ ಅದೇ ೨೦ ನಂಬರೇ ಅಲ್ಲ. ಒಳಗಿನವರು ಬನ್ನಿ ಅಂದರೂ ಬಾಗಿಲಲ್ಲಿ ನಿಂತವನು ಬಿಡುವುದಿಲ್ಲ ಅಂದಂತೆ. ಈಗ ಬ್ರೌಸರ್‌ನಲ್ಲೇ ಹತ್ತೂ ಅಂಕಿಗಳನ್ನು ಬದಲಾಯಿಸಿ ಆಮೇಲೆ ಚೆಕ್ ಮಾಡುತ್ತೇನೆ. ಸರ್ವರ್‌ನಲ್ಲೂ ಅದೇ ಚೆಕ್ ಇನ್ನೊಂದು ಸಲ. ಬ್ರೌಸರ್‌ನದು ರೈತರ ಅನುಕೂಲಕ್ಕೆ, ಸರ್ವರ್‌ನದು ನನ್ನ ನೆಮ್ಮದಿಗೆ.

ಹೆಸರಿನ ಫೀಲ್ಡ್‌ನಲ್ಲಿ ನಾಚಿಕೆಯಾಯಿತು. ಬರೀ ಅಕ್ಷರ ಇರಬೇಕು ಅಂತ ಪೈಥಾನ್‌ನ ರೆಡಿಮೇಡ್ ಅಕ್ಷರ ಪರೀಕ್ಷೆ ಹಾಕಿದ್ದೆ. ಅದರ ಪ್ರಕಾರ 'ಕ' ಅಕ್ಷರ, 'ಕಿ' ಅಲ್ಲ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗಳು, ಒತ್ತಕ್ಷರಕ್ಕೆ ಬೇಕಾಗುವ ವಿರಾಮ, ಇವು ಅಕ್ಷರದ ಗುಂಪಿನಲ್ಲಿಲ್ಲ, ಚಿಹ್ನೆಗಳ ಗುಂಪಿನಲ್ಲಿವೆ. 'ಕನ್ನಡ' ಅನ್ನುವ ಪದವೇ ಆ ಪರೀಕ್ಷೆಯಲ್ಲಿ ಫೇಲು. ಹೆಸರಿಗೆ ಈಗ ಖಾಲಿ ಇರಬಾರದು, ಉದ್ದ ಒಂದು ಮಿತಿಯಲ್ಲಿರಬೇಕು, ಅಷ್ಟೇ ನಿಯಮ. ಜೊತೆಗೆ ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಒಂದೇ ರೂಪಕ್ಕೆ ತಂದು ಇಡುತ್ತೇನೆ. ಕಾರಣ, 'ಗೋ' ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಕೋಡ್‌ಗಳಾಗಿ ಬರಬಹುದು. ಆಗ ಹುಡುಕಿದರೆ ಗೋಪಾಲ ಸಿಗುವುದಿಲ್ಲ.

ಸರ್ವೆ ನಂಬರನ್ನು ನಂಬರ್ ಮಾಡುವ ಗೋಜಿಗೇ ಹೋಗಲಿಲ್ಲ. 45/2ಎ ಅನ್ನುವುದರ ಮೇಲೆ ಯಾರೂ ಕೂಡು ಕಳೆ ಮಾಡುವುದಿಲ್ಲ. ಮೊಬೈಲೂ ಅಷ್ಟೇ, ಸ್ಟ್ರಿಂಗ್.

ವಿಸ್ತೀರ್ಣಕ್ಕೆ ಕೊನೆಗೆ ಮಾಡಿದ್ದು ಇದು. ಒಂದು ಡಬ್ಬಿ ತೆಗೆದು ಎರಡು ಇಟ್ಟೆ, ಎಕರೆ ಮತ್ತು ಗುಂಟೆ. ಎರಡಕ್ಕೂ ಪೂರ್ಣ ಸಂಖ್ಯೆ ಮಾತ್ರ, ಚುಕ್ಕೆಯ ತಂಟೆಯೇ ಇಲ್ಲ. ಒಳಗೆ ಎಲ್ಲವನ್ನೂ ಗುಂಟೆ ಮಾಡಿ ಒಂದೇ ಪೂರ್ಣಸಂಖ್ಯೆಯಾಗಿ ಇಡುತ್ತೇನೆ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ 100. ಗುಂಟೆಗೆ 16 ಆಣೆ ಇದೆ, ಪಹಣಿಯಲ್ಲಿ ಬರುತ್ತದೆ. ಆದರೆ ಪೈಪಿನ ಲೆಕ್ಕಕ್ಕೆ ಆಣೆ ಬೇಡ ಅಂತ ಮಾವ ಅಂದರು, ಬಿಟ್ಟೆ. ಗುಂಟೆಯ ಡಬ್ಬಿಯಲ್ಲಿ 45 ಅಂತ ಬಂದರೆ? ನನಗೆ ಅದು ತಪ್ಪು. ಮಾವ ಬೈದರು. "ಬರೀ ಗುಂಟೆ ಲೆಕ್ಕದಲ್ಲಿ ಹೇಳೋರು ಇರ್ತಾರಪ್ಪ, ಎಕರೆ ಖಾಲಿ ಬಿಟ್ಟಿದ್ರೆ ಒಪ್ಕೋ." ಹಾಗೇ ಮಾಡಿದೆ. ಎಕರೆ ತುಂಬಿದ್ದರೆ ಮಾತ್ರ ಗುಂಟೆ 39 ದಾಟುವಂತಿಲ್ಲ. 'ತಪ್ಪು ಇನ್‌ಪುಟ್' ಅಂತಿದ್ದ ಕೆಂಪು ಅಕ್ಷರ ಹೋಗಿ 'ಗುಂಟೆ 39ರ ಒಳಗಿರಲಿ, 40 ಆದರೆ ಎಕರೆಗೆ ಒಂದು ಸೇರಿಸಿ' ಅಂತ ಬರುತ್ತದೆ.

ಹೋದ ತಿಂಗಳು ಅಂಗಡಿಯಲ್ಲಿ ಕೂತಿದ್ದೆ. ಒಬ್ಬರು ಬಂದು ಮೂರು ಎಕರೆ ಅಂದರು, ನಾನೇ ಟೈಪ್ ಮಾಡಿದೆ, ಯಾವ ತಕರಾರೂ ಇಲ್ಲದೆ ಲೆಕ್ಕ ಬಂತು. ಮಾವ ಪಹಣಿ ಇಸಕೊಂಡು ನೋಡಿದರು. ಅದರಲ್ಲಿ 8 ಗುಂಟೆ ಖರಾಬು, ಅಂದರೆ ಬೆಳೆ ಇಡಲಾಗದ ಜಾಗ.

"ಬಂಡೆ ಮೇಲೂ ಪೈಪು ಎಳೀತೀಯೇನೋ?"

ಮುಂದಿನ ಭಾನುವಾರ ಮೂರನೇ ಡಬ್ಬಿ ಸೇರಿತು. ಅದಕ್ಕೆ ಎರಡೇ ನಿಯಮ. ಖಾಲಿ ಬಿಟ್ಟರೆ ಸೊನ್ನೆ, ತುಂಬಿದರೆ ಒಟ್ಟು ಜಮೀನಿಗಿಂತ ಕಡಿಮೆ.