ಬೆನ್ನಿಗೆ ಬಿಸಿಲು, ಬೆನ್ನಿಗೇ ಗಾಳಿ: ರಾಮದಾಸ ಹದ್ದಿನ ಬೇಟೆ ಹಿಡಿದ ಬಗೆ

ಹಕ್ಕಿ ಬೇಟೆಯಾಡುವ ಫೋಟೊ ತೆಗೆಯಬೇಕು ಅಂತ ಕೇಳಿಕೊಂಡು ಬರುವವರಿಗೆಲ್ಲ ನಾನು ಹೇಳುವುದು ಒಂದೇ: ರಾಮದಾಸ ಹದ್ದಿನಿಂದ ಶುರುಮಾಡಿ. ಕಾಡಿಗೆ ಹೋಗಬೇಕಿಲ್ಲ, ಸಫಾರಿ ಟಿಕೆಟ್ಟೂ ಬೇಕಿಲ್ಲ. ಪಾಂಡವಪುರ, ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಗದ್ದೆಬಯಲಿಗೆ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಹೋದರೆ ಸಾಕು. ಪೈರು ಇರುವವರೆಗೆ ಮರೆಯಲ್ಲಿದ್ದ ಇಲಿಗಳು ಕೊಯ್ಲಾದ ಮೇಲೆ ಬಯಲಿಗೆ ಬೀಳುತ್ತವೆ. ಕಾಗೆಗಿಂತ ಸ್ವಲ್ಪ ಚಿಕ್ಕದಾದ, ಬೂದುಬಿಳಿ ಮೈಯ, ಹೆಗಲ ಮೇಲೆ ಕಪ್ಪು ಮಚ್ಚೆ ಹೊತ್ತ ಕೆಂಪು ಕಣ್ಣಿನ ಈ ಹಕ್ಕಿ ಕರೆಂಟ್ ಕಂಬದ ಮೇಲೆ ಕೂತು ಅದನ್ನೇ ಕಾಯುತ್ತಿರುತ್ತದೆ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಬೇಟೆಗೆ ಇಳಿಯುವ ಮುಂಚೆ ರಾಮದಾಸ ಹದ್ದು ಗಾಳಿಯಲ್ಲಿ ನಿಂತಲ್ಲೇ ನಿಂತು ರೆಕ್ಕೆ ಬಡಿಯುತ್ತದೆ. ಬೇರೆ ಬಹುತೇಕ ಹಿಂಸ್ರಪಕ್ಷಿಗಳು ಎಲ್ಲಿಂದ ಬಂದವು, ಎಲ್ಲಿಗೆ ಎರಗಿದವು ಎಂದು ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಇದು ಹಾಗಲ್ಲ, ತಾನು ಎಲ್ಲಿ ಬೀಳುತ್ತೇನೆಂದು ಮೊದಲೇ ತೋರಿಸಿಬಿಡುತ್ತದೆ.

ನನ್ನ ಚಿತ್ರಗಳ ಗುಣ ಬದಲಾದದ್ದು ಲೆನ್ಸ್ ಬದಲಿಸಿದ್ದರಿಂದಲ್ಲ, ಗಾಳಿಯ ದಿಕ್ಕು ನೋಡಲು ಕಲಿತದ್ದರಿಂದ. ಗಾಳಿಯಲ್ಲಿ ನಿಲ್ಲುವ ಹಕ್ಕಿ ಗಾಳಿಗೆ ಮುಖ ಕೊಟ್ಟೇ ನಿಲ್ಲಬೇಕು. ಹಾಗಾಗಿ ಗಾಳಿ ನನ್ನ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹಕ್ಕಿಯ ಮುಖ ನನ್ನತ್ತ ಇರುತ್ತದೆ. ಸೂರ್ಯನೂ ಬೆನ್ನಿಗೇ ಇದ್ದರೆ ಆ ಕೆಂಪು ಕಣ್ಣಿಗೆ ನೇರ ಬೆಳಕು ಬೀಳುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಣ ಗಾಳಿ, ಆದ್ದರಿಂದ ಬೆಳಗ್ಗೆ ಹೊಲದ ಪೂರ್ವದ ಬದುವಿನ ಮೇಲೆ ನಿಲ್ಲುತ್ತೇನೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ, ಮೋಡ ಬಿಟ್ಟ ಸಂಜೆಗಳಲ್ಲಿ ಪಶ್ಚಿಮದ ಬದು. ಒಂದು ಹಿಡಿ ಒಣ ಹುಲ್ಲು ತೂರಿದರೆ ದಿಕ್ಕು ಗೊತ್ತಾಗುತ್ತದೆ.

ಜಾಗ ಗುರುತಿಸುವುದಕ್ಕೆ ಕಂಬದ ಬುಡ ನೋಡಬೇಕು. ಹದ್ದು ಅರಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಹೆಬ್ಬೆರಳ ತುದಿಯಷ್ಟಿರುವ ಬೂದುಬಣ್ಣದ ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದ್ದೆ: ಒತ್ತಾಗಿ ಹೆಣೆದುಕೊಂಡ ಇಲಿಯ ರೋಮ, ನಡುವೆ ಸೂಜಿಯಂಥ ಪಕ್ಕೆಲುಬುಗಳು, ಹಳದಿ ಅಂಚಿನ ಬಾಗಿದ ಎರಡು ಮುಂಬಲ್ಲು. ಇಂಥ ಹೊಸ ಉಂಡೆಗಳು ಬಿದ್ದಿರುವ ಕಂಬಕ್ಕೆ ಹದ್ದು ಮತ್ತೆ ಬಂದೇ ಬರುತ್ತದೆ.

ಉಳಿದದ್ದನ್ನು ರೈತರು ಹೇಳಿಕೊಡುತ್ತಾರೆ. ಮೊದಲ ದಿನವೇ ಗದ್ದೆಯ ಹಿರಿಯರೊಬ್ಬರು, “ಅದು ದಿನಾ ಆ ಕಂಬ್ದಿಂದ ಈ ತೆವರಿಗೇ ಬತ್ತದೆ ಸಾ. ನೀವು ತೆವರಿನ್ ಮೇಲೇ ನಿಂತ್ರೆ ಇಲಿ ಈಚಿಕ್ ಬರಕ್ಕಿಲ್ಲ, ಅದೂ ಬರಕ್ಕಿಲ್ಲ. ಹುಲ್ಲಿನ್ ಮೆದೆ ತಾವ್ ಕೂತ್ಕಳಿ” ಅಂದರು. ತೆವರು ಅಂದರೆ ಬದು. “ಆಗ್ಲಿ ಗೌಡ್ರೇ” ಅಂತ ಮೆದೆಗೆ ಒರಗಿ ಕೂತೆ. ಇಂದಿಗೂ ಅದೇ ನನ್ನ ಮರೆ. ಬಟ್ಟೆಯ ಗುಡಾರ ಕಟ್ಟುವುದಿಲ್ಲ. ದಿನಾ ಜನ ಓಡಾಡುವ ಗದ್ದೆಯಲ್ಲಿ ಕದಲದೆ ಕೂತ ಮನುಷ್ಯನನ್ನು ಹದ್ದು ಲೆಕ್ಕಕ್ಕಿಡುವುದಿಲ್ಲ.

ಕ್ಯಾಮೆರಾದ ವಿಷಯ ಬೇಗ ಮುಗಿಸುತ್ತೇನೆ. 500 ಎಂ.ಎಂ. ಲೆನ್ಸ್, ಷಟರ್ ವೇಗ 1/2500 ಸೆಕೆಂಡಿಗಿಂತ ಕಡಿಮೆಯಿಲ್ಲ, ಬೆಳಕು ಒಳಬಿಡುವ ಕಿಂಡಿ ಅಂದರೆ ಅಪರ್ಚರ್ ಎಫ್ 5.6, ಹಕ್ಕಿ ಕದಲಿದಂತೆ ಹಿಂಬಾಲಿಸುವ ಕಂಟಿನ್ಯುಯಸ್ ಫೋಕಸ್. ಕಷ್ಟವಿರುವುದು ಎಕ್ಸ್‌ಪೋಷರಿನಲ್ಲಿ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂದು ಹೊಂದಿಸುವುದರಲ್ಲಿ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ, ಆಟೊದಲ್ಲಿದ್ದರೆ ಆಕಾಶದ ಎದುರು ಹಕ್ಕಿ ಕಪ್ಪಾಗುತ್ತದೆ, ಅಲ್ಲಿ ಪ್ಲಸ್ ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಕೊಡಬೇಕು. ಅದೇ ಹಕ್ಕಿ ತೆಂಗಿನ ತೋಟದ ನೆರಳಿನ ಮುಂದೆ ಇಳಿದರೆ ಎದೆಯ ಬಿಳಿ ಸುಟ್ಟುಹೋಗುತ್ತದೆ, ಆಗ ಮೈನಸ್ ಮಾಡಬೇಕು. ಅದಕ್ಕೇ ಹಕ್ಕಿಯ ಮೇಲೆ ಬೀಳುವ ಬೆಳಕಿಗೆ ಹೊಂದಿಸಿ ಪೂರ್ತಿ ಮ್ಯಾನುಯಲ್‌ನಲ್ಲಿಡುವುದು, ಐಎಸ್‌ಒವನ್ನೂ ಕಟ್ಟಿಹಾಕುವುದು, ನನಗೆ ಒಗ್ಗಿದ ದಾರಿ. ಬಿಸಿಲೇರಿದ ಮೇಲೆ ಕೂಳೆಯ ಮೇಲಿಂದ ಕಾವು ಅಲೆಯಲೆಯಾಗಿ ಏಳತೊಡಗಿದರೆ ಎಷ್ಟೇ ಬೆಲೆಯ ಲೆನ್ಸಿನಲ್ಲೂ ಚಿತ್ರ ಮಸುಕೇ. ಒಂಬತ್ತೂವರೆ ಹೊತ್ತಿಗೆ ಕ್ಯಾಮೆರಾ ಚೀಲಕ್ಕೆ ಹಾಕಿ ಬರೀ ನೋಡುತ್ತೇನೆ.

ನೋಡಲು ಅಷ್ಟಿದೆ. ಕಂಬದ ಮೇಲಿದ್ದಾಗ ಬಾಲ ಮೆಲ್ಲಗೆ ಎತ್ತಿ ಇಳಿಸುತ್ತಿರುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆಯಿತೆಂದರೆ ಏನೋ ಕಂಡಿದೆ. ಹಿಕ್ಕೆ ಹಾಕಿ ಮುಂದಕ್ಕೆ ಬಾಗಿದರೆ ಇನ್ನೇನು ಹಾರುತ್ತದೆ, ಬೆರಳು ಬಟನ್ ಮೇಲಿರಬೇಕು. ಗಾಳಿಯಲ್ಲಿ ನಿಂತಾಗ ರೆಕ್ಕೆ, ಬಾಲ ಎಷ್ಟೇ ಆಡಲಿ, ತಲೆ ಮಾತ್ರ ಮೊಳೆ ಹೊಡೆದ ಹಾಗೆ ಒಂದೇ ಕಡೆ ಇರುತ್ತದೆ. ಕಾಲುಗಳು ಜೋತುಬೀಳುತ್ತವೆ. ಒಮ್ಮೆಲೇ ಬೀಳದೆ ಒಂದಾಳೆತ್ತರ ಇಳಿದು ನಿಲ್ಲುತ್ತದೆ, ಮತ್ತಷ್ಟು ಇಳಿದು ನಿಲ್ಲುತ್ತದೆ. ಕೊನೆಯಲ್ಲಿ ಎರಡೂ ರೆಕ್ಕೆ ಬೆನ್ನ ಮೇಲೆ ಎತ್ತಿ ಹಿಡಿದು, ಉಗುರು ಬಿಚ್ಚಿ ಕೆಳಗೆ ಜಾರುತ್ತದೆ. ನಾನು ಕಾಯುವ ಚಿತ್ರ ಆ ರೆಕ್ಕೆ ಎತ್ತಿದ ಕ್ಷಣದ್ದು. ಫ್ರೇಮಿನಲ್ಲಿ ಕೆಳಗಡೆ ಜಾಗ ಬಿಟ್ಟಿರಬೇಕು, ಇಲ್ಲದಿದ್ದರೆ ಕಾಲು ಕತ್ತರಿಸಿಹೋಗುತ್ತದೆ. ಎಷ್ಟೋ ಸಲ ಅದು ಬೇಟೆ ಸಿಗದೆ ಬರಿಗಾಲಲ್ಲಿ ಏಳುತ್ತದೆ, ಅದರಲ್ಲೂ ಬೆನ್ನ ಮೇಲೆ ಕಂದು ಛಾಯೆ ಇನ್ನೂ ಮಾಸದ ಎಳೆಯ ಹಕ್ಕಿ. ಆ ಚಿತ್ರಗಳನ್ನೂ ನಾನು ಅಳಿಸುವುದಿಲ್ಲ, ಬೇಟೆ ಎಂದರೆ ಅದೂ ಸೇರಿಯೇ.

ಅಂಗಡಿಯಿಂದ ಬಿಳಿ ಇಲಿ ತಂದು ಹೊಲದಲ್ಲಿ ಬಿಟ್ಟು ಫೋಟೊ ಹೊಡೆಯುವವರಿದ್ದಾರೆ. ನನಗೆ ಇದು ಸಿಟ್ಟು ಬರಿಸುತ್ತದೆ. ಎಲ್ಲಿಗೂ ಓಡಲು ಗೊತ್ತಿಲ್ಲದ ಪಂಜರದ ಜೀವವನ್ನು ಬಯಲಿಗೆ ಎಸೆಯುವುದು ಕ್ರೌರ್ಯ, ಮನುಷ್ಯರ ಹತ್ತಿರ ಊಟ ಸಿಗುತ್ತದೆಂದು ಹದ್ದಿಗೆ ಕಲಿಸುವುದು ಅದರ ಪ್ರಾಣಕ್ಕೇ ಅಪಾಯ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲೂ ಜೀವಂತ ಆಮಿಷ ಒಡ್ಡಿದ ಚಿತ್ರಕ್ಕೆ ಜಾಗವಿಲ್ಲ. ಗೂಡಿನ ಸಹವಾಸವೂ ಬೇಡ. ಗಂಡು ತಂದ ಇಲಿಯನ್ನು ಹೆಣ್ಣು ಗಾಳಿಯಲ್ಲೇ ಪಡೆಯುವ ನೋಟ ಎಂಥವರಿಗೂ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ನಮ್ಮನ್ನು ಕಂಡು ಹೆಣ್ಣು ಎದ್ದುಹೋದರೆ ಕಾಗೆಗಳಿಗೆ ಮೊಟ್ಟೆ ಕದಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಈಗ ನಾನು ಹೋಗುವ ಗದ್ದೆಗಳವರಿಗೆ ಚಿತ್ರಗಳ ಪ್ರಿಂಟ್ ಕೊಡುತ್ತೇನೆ, ಜೊತೆಗೆ ಇಲಿ ಪಾಷಾಣದ ಮಾತೂ ಎತ್ತುತ್ತೇನೆ. ಪಾಷಾಣ ತಿಂದು ತೂರಾಡುವ ಇಲಿ ಹದ್ದಿಗೆ ಸುಲಭದ ತುತ್ತು, ಆ ವಿಷ ಹದ್ದಿನ ಹೊಟ್ಟೆಗೂ ಹೋಗುತ್ತದೆ. ಗದ್ದೆಯ ನಡುವೆ ಪೈರಿಗಿಂತ ಎತ್ತರಕ್ಕೆ ‘ಟಿ’ ಆಕಾರದ ಕೋಲು ನೆಟ್ಟರೆ ಹಗಲಲ್ಲಿ ಹದ್ದು, ರಾತ್ರಿ ಗೂಬೆ ಬಂದು ಕೂರುತ್ತವೆ. ಗೌಡರು ಹೋದ ಬೆಳೆಗೆ ತಾವೇ ಬಿದಿರು ಕಡಿದು ಅಂಥ ಕೋಲು ನೆಟ್ಟರು. ಅವುಗಳ ಬುಡದಲ್ಲೂ ಉಂಡೆಗಳು ಸಿಗತೊಡಗಿವೆ. ಅದರಿಂದ ಫೋಟೊಗೂ ಒಂದು ಅನುಕೂಲವಾಯಿತು, ಹಿನ್ನೆಲೆಯಲ್ಲಿ ಕರೆಂಟ್ ತಂತಿ ಬರುವುದಿಲ್ಲ.