ರ‍್ಯಾಕ್‌ಗೆ ಕೂರುವ ಸಿಂಥ್ ಕಂಪ್ಯೂಟರ್ ಮನೆಯಲ್ಲೇ ಕಟ್ಟುವುದು ಹೇಗೆ?

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರಿಗೆ ಈಗ ಪಿಯಾನೊ, ಸ್ಟ್ರಿಂಗ್ಸ್, ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ಸಿಂಥಸೈಜರ್ (ಸಿಂಥ್) ಆದ ಯಮಾಹಾದ ಹಳೆಯ ಡಿಎಕ್ಸ್7ನ ದನಿ ಎಲ್ಲವೂ ಸಾಫ್ಟ್‌ವೇರ್‌ನಲ್ಲೇ ಸಿಗುತ್ತವೆ. ಆದರೆ ಸ್ಟ್ಯಾಂಡಿನ ಮೇಲೆ ಅಲ್ಲಾಡುವ ಲ್ಯಾಪ್‌ಟಾಪ್ ನೋಡಿದರೇ ಭಯ. ಆಂಪ್ಲಿಫೈಯರ್ ಪಕ್ಕದಲ್ಲೇ, ಸಲಕರಣೆಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟಾದ ರ‍್ಯಾಕ್‌ಗೆ ಸ್ಕ್ರೂ ಹಾಕಿ ಕೂರಿಸುವ ಕಂಪ್ಯೂಟರನ್ನು ನೀವೇ ಜೋಡಿಸಬಹುದು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿ ಬಂದವರಿಗೆ ಇದು ಕಷ್ಟವೇನಲ್ಲ.

ಮೊದಲು ಕೇಸ್. ರ‍್ಯಾಕ್‌ನ ಅಗಲ 19 ಇಂಚು. ಎತ್ತರದ ಲೆಕ್ಕ ‘ಯು’ನಲ್ಲಿ, 1ಯು ಅಂದರೆ 1.75 ಇಂಚು. 1ಯು ಕೇಸ್ ನೋಡೋಕೆ ಚೆಂದ, ಆದರೆ ಅದರ ಪುಟ್ಟ ಫ್ಯಾನುಗಳು ಕಿರುಚುತ್ತವೆ. ಹಾಡುವವರ ಮೈಕ್ ಹತ್ತಿರ ಅದು ಬೇಡವೇ ಬೇಡ. ಸುಮ್ನೆ 4ಯು ತಗೊಳ್ಳಿ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ, ನಿಧಾನಕ್ಕೆ ತಿರುಗುವ 120 ಎಂಎಂ ಫ್ಯಾನ್ ಎರಡೂ ಹಿಡಿಯುತ್ತವೆ. ಪ್ರೊಸೆಸರ್ ತಂಪಾಗಿಸುವ ಎತ್ತರದ ಟವರ್ ಕೂಲರ್ ಮಾತ್ರ ಮುಚ್ಚಳಕ್ಕೆ ತಾಗಬಹುದು, ಅಳತೆ ನೋಡಿಯೇ ಕೊಳ್ಳಿ.

ಪ್ರೊಸೆಸರ್‌ನಲ್ಲಿ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದು ಮುಖ್ಯ. ಸಾಮಾನ್ಯವಾಗಿ ಒಂದು ದನಿಯ ಕೆಲಸ ಒಂದೇ ಕೋರ್ ಮೇಲೆ ಬೀಳುತ್ತದೆ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ದನಿಯ ತುಣುಕು) ಬಫರ್, ಅಂದರೆ ಒಂದು ಸಲಕ್ಕೆ ಲೆಕ್ಕ ಹಾಕುವ ಕಂತು, 128 ಸ್ಯಾಂಪಲ್ ಇಟ್ಟರೆ ಕಂಪ್ಯೂಟರ್‌ಗೆ ಸಿಗುವ ಸಮಯ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ಸ್ಪೀಕರ್‌ನಲ್ಲಿ ಚಟಪಟ. ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಪ್ರೊಸೆಸರ್‌ನೊಳಗೆ ಇರುವುದೇ ಸಾಕು. ಆ ದುಡ್ಡಿಗೆ 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಕಂಪ್ಯೂಟರ್‌ನ ದನಿಯನ್ನು ಹೊರಗೆ ಕಳಿಸುವ ಒಳ್ಳೆಯ ಆಡಿಯೊ ಇಂಟರ್‌ಫೇಸ್ ಬರಲಿ.

ಜೋಡಿಸುವಾಗ ನೆನಪಿಡಿ, ಈ ಪೆಟ್ಟಿಗೆ ಟೆಂಪೊದಲ್ಲಿ ಕುಲುಕುತ್ತಾ ಓಡಾಡಬೇಕು. ರ‍್ಯಾಮ್‌ನ ಎರಡೂ ತುದಿ ಕ್ಲಿಕ್ ಎಂದು ಕೂತಿದೆಯಾ ನೋಡಿ. ಒಳಗಿನ ವೈರುಗಳನ್ನು ಫ್ಯಾನಿಗೆ ತಾಗದಂತೆ ಟೈ ಹಾಕಿ ಕಟ್ಟಿ. ಮುಂದಿನ ನಾಲ್ಕು ಸ್ಕ್ರೂಗಳ ಮೇಲೆಯೇ ಇಡೀ ಭಾರ ಬಿಟ್ಟರೆ ಕೇಸ್‌ನ ಕಿವಿ (ಸ್ಕ್ರೂ ಹಾಕುವ ಪಟ್ಟಿ) ಬಗ್ಗುತ್ತದೆ. ಕೆಳಗೆ ಟ್ರೇ ಕೊಡಿ, ಇಲ್ಲವೇ ಹಿಂದಿನಿಂದಲೂ ಆಧಾರ ಕೊಡಿ.

ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟದಲ್ಲಿ, ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಿ. ವಿಂಡೋಸ್ ಆದರೆ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ತನ್ನಿ, ಇಂಟರ್‌ಫೇಸ್ ಕಂಪನಿಯದೇ, ದನಿ ತಡವಾಗದಂತೆ ನೋಡಿಕೊಳ್ಳುವ ಎಎಸ್‌ಐಒ ಡ್ರೈವರ್ ಹಾಕಿ. ಕಾರ್ಯಕ್ರಮದ ದಿನ ವೈಫೈ ಆಫ್. ಅದರ ಡ್ರೈವರ್ ಅಡ್ಡ ಬಂದು ಸದ್ದು ಕೆಡಿಸುವುದುಂಟು. ಹೀಗೆ ಅಡ್ಡ ಬರುವ ಡ್ರೈವರ್ ಯಾವುದು ಅಂತ ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ. ದನಿಗಳಿಗೆ ಸರ್ಜ್ ಎಕ್ಸ್‌ಟಿ, ಡೆಕ್ಸೆಡ್‌ನಿಂದ ಶುರು ಮಾಡಿ, ಎರಡೂ ಉಚಿತ ಸಿಂಥ್ ಸಾಫ್ಟ್‌ವೇರ್.

ಪೆಂಡಾಲ್‌ನಲ್ಲಿ ‘ಹಮ್’ ಅನ್ನುವ ಸದ್ದು ಬಂದರೆ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ, ಶಾಕ್ ಹೊಡೆದು ಜೀವಕ್ಕೇ ಕುತ್ತು. ಇಂಟರ್‌ಫೇಸ್‌ಗೂ ಮಿಕ್ಸರ್‌ಗೂ ನಡುವೆ ಡಿಐ ಬಾಕ್ಸ್ (ದನಿಯ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಹಾಕಿ ಆಡಿಯೊ ಕೇಬಲ್‌ನ ಗ್ರೌಂಡ್ ಸಂಪರ್ಕ ಮಾತ್ರ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ.

ಎಲ್ಲ ಸರಿಹೋದ ಮೇಲೆ ಮುಚ್ಚಳ ಹಾಕಿಯೇ ಎರಡು ತಾಸು ನುಡಿಸಿ ನೋಡಿ, ಬಿಸಿ ಎಷ್ಟೇರುತ್ತದೆ ಗೊತ್ತಾಗುತ್ತದೆ. ಆಮೇಲೆ ಎಸ್‌ಎಸ್‌ಡಿಯ ಪೂರ್ತಿ ನಕಲು ಇನ್ನೊಂದು ಡ್ರೈವ್‌ಗೆ ತೆಗೆದು, ಒಂದು ಸ್ಕ್ರೂಡ್ರೈವರ್ ಜೊತೆ ರ‍್ಯಾಕ್‌ನ ಡ್ರಾಯರ್‌ನಲ್ಲೇ ಇಡಿ.