ಆರಿದ ಬೆಂಕಿ ನೋಡೋಕೆ ಮತ್ತೆ ಹೋಗುವ ಚಾಳಿ

ಅಗ್ನಿಶಾಮಕ ಠಾಣಾಧಿಕಾರಿಯಾಗಿ ನಿವೃತ್ತನಾದವನು ನಾನು. ಸರ್ವಿಸ್ ಜಾಸ್ತಿ ಕಳೆದದ್ದು ಶಿವಮೊಗ್ಗದ ಸುತ್ತಮುತ್ತಲೇ. ಜನ ನನ್ನನ್ನು ಕರ್ತವ್ಯನಿಷ್ಠ ಅಂತ ಹೊಗಳುತ್ತಾರೆ. ಮನೆಯವಳನ್ನು ಕೇಳಿದರೆ ಬೇರೆ ಹೇಳುತ್ತಾಳೆ.

ಇದಕ್ಕೆಲ್ಲ ಮೂಲ ಒಂದು ಹುಲ್ಲಿನ ಬಣವೆ. ಆಗ ಕೆಲಸಕ್ಕೆ ಸೇರಿದ ಹೊಸತು, ಮಾರ್ಚ್ ತಿಂಗಳು, ಮಂಡಗದ್ದೆ ಕಡೆಯ ಒಂದು ಹಳ್ಳಿ. ಗಾಡಿಯಲ್ಲಿದ್ದ 4,500 ಲೀಟರ್ ನೀರು ಖಾಲಿ ಮಾಡಿದೆವು, ಉರಿ ಕಾಣಿಸಲಿಲ್ಲ, ಹೊರಟು ಬಂದೆವು. ಬಣವೆ ಬೆಂಕಿ ಮಹಾ ಮೋಸದ್ದು. ಮೇಲಿನ ಹುಲ್ಲು ನೆನೆದು ಚಾಪೆ ಹಾಗೆ ಕೂತುಬಿಡುತ್ತದೆ, ನೀರು ಒಳಗೆ ಇಳಿಯುವುದೇ ಇಲ್ಲ, ಹೊಟ್ಟೆಯೊಳಗೆ ಕೆಂಡ ಹಾಗೇ ಇರುತ್ತದೆ. ಕೊಕ್ಕೆ ಹಾಕಿ ಎಳೆದು, ಹರಡಿ, ಪದರ ಪದರ ನೆನೆಸಬೇಕು. ಅದನ್ನು ಅರ್ಧಕ್ಕೇ ಬಿಟ್ಟಿದ್ದೆವು. ರಾತ್ರಿ ಎರಡಕ್ಕೆ ಮತ್ತೆ 101ಕ್ಕೆ ಕರೆ. ಗಾಳಿಗೆ ಕಿಡಿ ಹಾರಿ ಕೊಟ್ಟಿಗೆ ಹತ್ತಿಕೊಂಡಿತ್ತು. ಎರಡು ಹಸು, ಒಂದು ಕರು. ಆ ಮನೆಯ ಅಜ್ಜಿ ಬೈಯಲಿಲ್ಲ. "ಸಂಜೆ ನೀವೇ ಆರ್ತು ಅಂದಿದ್ರಲ್ಲ ಮಾರಾಯ್ರೇ" ಅಂದರು, ಅಷ್ಟೇ.

ಅವತ್ತಿನಿಂದ ಶುರು. ಡ್ಯೂಟಿ ಮುಗಿದ ಮೇಲೆ ಬೈಕ್ ಹತ್ತಿ ಒಬ್ಬನೇ ಹೋಗಿ ಬೂದಿಯ ಹತ್ತಿರ ಮುಂಗೈ ಹಿಂಭಾಗ ಹಿಡಿದು ಬಿಸಿ ನೋಡುತ್ತಿದ್ದೆ. ಒಂದೆರಡು ಸಲ ಕೆಂಡ ಸಿಕ್ಕಿತು ಕೂಡ, ಒಮ್ಮೆ ಅಡಿಕೆ ಸಿಪ್ಪೆಯ ರಾಶಿಯಲ್ಲಿ, ಇನ್ನೊಮ್ಮೆ ಸಾಮಿಲ್‌ನ ಮರದ ಹೊಟ್ಟಿನಲ್ಲಿ. ಸಿಕ್ಕಿದ್ದೇ ತಪ್ಪಾಯಿತು ನೋಡಿ, ಮತ್ತೆ ಬಿಡಲಾಗಲಿಲ್ಲ. ಆಮೇಲೆ ಅದು ಮನೆಗೂ ಬಂತು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ ಅಂತ ನನಗೆ ಗೊತ್ತಲ್ವಾ, ಅದಕ್ಕೇ ದಿನಾ ರಾತ್ರಿ ಅಡುಗೆಮನೆ ನೆಲಕ್ಕೆ ಮೂಗು ಹಚ್ಚಿ ಮಲಗುತ್ತಿದ್ದೆ. ರೆಗ್ಯುಲೇಟರ್ ಮೂರು ಸಲ ತಿರುಗಿಸಿ ನೋಡುವುದು, ಪೈಪಿಗೆ ಸೋಪು ನೀರು ಹಚ್ಚಿ ಗುಳ್ಳೆ ಹುಡುಕುವುದು. ಮಗಳ ನಿಶ್ಚಿತಾರ್ಥದ ದಿನ ಮಂಟಪದ ಬಾಗಿಲು ಎಣಿಸುತ್ತಾ ನಿಂತಿದ್ದೆ. ಹೊರಗೆ ಸೈರನ್ ಕೇಳಿದ್ದೇ ತಡ, ರಜೆಯಲ್ಲಿದ್ದವನು ಪಂಚೆ ಎತ್ತಿ ಕಟ್ಟಿಕೊಂಡು ಹೊರಟೆ. ತಂತಿ ತಾಗಿ ಹುಲ್ಲಿನ ಲಾರಿ ಹೊತ್ತಿತ್ತು. ನಮ್ಮ ಹುಡುಗರು ಆಗಲೇ ಹುಲ್ಲು ಕೆಳಗೆ ಎಳೆದು ಹಾಕುತ್ತಿದ್ದರು. ಅವರಲ್ಲೊಬ್ಬ ತಿರುಗಿ ನೋಡಿ, "ಸಾರ್, ನಮಗೂ ಬರುತ್ತೆ ಸಾರ್" ಅಂದ.

ಅದು ಚುಚ್ಚಿತು. ಆರಿದ ಜಾಗದಲ್ಲಿ ಇಬ್ಬರನ್ನು ಕಾವಲಿಗೆ ಬಿಟ್ಟು ಬರುವ ಪಾಳಿ ಹಾಕಿದ್ದರೆ ನನ್ನ ಕರ್ತವ್ಯ ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟು ವರ್ಷ ನಾನು ಒಬ್ಬರನ್ನೂ ನಂಬದೆ ಒಬ್ಬನೇ ಓಡಾಡಿದ್ದೆ. ನಿವೃತ್ತಿಗೆ ಎರಡು ವರ್ಷ ಇರುವಾಗ ಪಾಳಿ ಹಾಕಿದೆ. ಮೊದಲ ರಾತ್ರಿಗಳು ನಿದ್ದೆ ಬರಲಿಲ್ಲ, ನಾಲ್ಕು ಸಲ ಫೋನ್ ಮಾಡಿದೆ, ಆಮೇಲೆ ಎರಡು, ಆಮೇಲೆ ಒಂದು. ಮನೆಯಲ್ಲೂ ಹೆಂಡತಿ ಪಾಳಿ ಹಾಕಿದಳು. ಅವಳ ದಿನ ರೆಗ್ಯುಲೇಟರ್ ಅವಳದ್ದು, ನಾನು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ.

ಮೊನ್ನೆ ಪಕ್ಕದ ತೋಟದವರು ತರಗೆಲೆ ಸುಟ್ಟಿದ್ದರು. ರಾತ್ರಿ ಹೋಗಲಿಲ್ಲ. ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಆ ಕಡೆಯಿಂದಲೇ ಹೋದೆ. ಬೂದಿ ತಣ್ಣಗಿತ್ತು. ಮುಟ್ಟಿಯೇ ನೋಡಿದೆ.